ಎಷ್ಟು ಇರುವೆ, ಎಷ್ಟು ಬಗೆ?

ಬೋಧನಾಭ್ಯಾಸದ ಅವಧಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಶಾಲೆಯೊಂದರ ಎಂಟನೇ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ ಮಾಡುತ್ತಾ, ಇರುವೆ ಎಣಿಸುವ ಚಟುವಟಿಕೆ ಕೊಟ್ಟೆ. ಒಂದು ಗುಂಪು ಕಬ್ಬಿನ ಗದ್ದೆಯ ಬದುವಿನಲ್ಲಿ, ಇನ್ನೊಂದು ಕುರುಚಲು ಕಾಡಿನ ಗುಡ್ಡದ ಬುಡದಲ್ಲಿ ಬೆಲ್ಲದ ಚೂರಿಟ್ಟು ಕಾಯಿತು. ಬದುವಿಗೇ ಹೆಚ್ಚು ಇರುವೆ ಬಂದವು.

“ಹಾಗಾದ್ರೆ ಇರುವೆಗೆ ಗದ್ದೇನೇ ಒಳ್ಳೇದಲ್ವಾ ಮಿಸ್?” ಎಂದು ಹುಡುಗಿಯೊಬ್ಬಳು ಕೇಳಿದಳು. ‘ಕಾಡಿನಲ್ಲಿ ಇರುವೆ ಹೆಚ್ಚು’ ಎಂದು ಪಾಠಯೋಜನೆಯಲ್ಲಿ ಮೊದಲೇ ಬರೆದಿದ್ದೆ. ಅದನ್ನೇ ಕಪ್ಪುಹಲಗೆಗೆ ಇಳಿಸಿ ಪಾಠ ಮುಗಿಸಿದೆ. ಮಕ್ಕಳು ಕಣ್ಣಾರೆ ಕಂಡದ್ದನ್ನು ನಾನೇ ಅಳಿಸಿದಂತಾಯಿತು.

ತಪ್ಪು ಎರಡು ಕಡೆ ಇತ್ತು. ಮೊದಲನೆಯದು, ಇರುವೆಗಳ ಸಂಖ್ಯೆಯನ್ನೇ ವೈವಿಧ್ಯ ಎಂದುಕೊಂಡದ್ದು. ಎರಡು ಜಾಗಗಳಲ್ಲಿ ತಲಾ 100 ಇರುವೆ, 5 ಬಗೆ ಸಿಕ್ಕಿವೆ ಎನ್ನೋಣ. ಒಂದರಲ್ಲಿ ಪ್ರತಿ ಬಗೆಯೂ 20. ಇನ್ನೊಂದರಲ್ಲಿ ಒಂದೇ ಬಗೆ 96, ಉಳಿದವು ಒಂದೊಂದು. ಪ್ರತಿ ಬಗೆಯ ಪಾಲನ್ನು ವರ್ಗ ಮಾಡಿ, ಕೂಡಿಸಿ, 1ರಿಂದ ಕಳೆದರೆ ಸಿಂಪ್ಸನ್ ಸೂಚ್ಯಂಕ ಬರುತ್ತದೆ. ಮೊದಲ ಜಾಗಕ್ಕೆ ಅದು 0.80, ಎರಡನೆಯದಕ್ಕೆ ಸುಮಾರು 0.08. ಉಳುಮೆ, ತರಗು ಸುಡುವುದು, ಮೇವು, ಸೌದೆ ಕಡಿತಗಳಿಂದ ನೆಲ ಕದಡಿದಾಗ ಒಣಕಡ್ಡಿ, ತರಗೆಲೆಗಳಲ್ಲಿ ಗೂಡು ಮಾಡುವ ಇರುವೆಗಳು ಮನೆ ಕಳೆದುಕೊಳ್ಳುತ್ತವೆ. ಸಿಕ್ಕಿದ್ದನ್ನು ತಿಂದು ಬಿಸಿಲು ತಾಳುವ ಕೆಲವೇ ಬಗೆಗಳು ಅಲ್ಲಿ ಮುತ್ತಬಹುದು.

ಎರಡನೆಯದು, ಬೆಲ್ಲವನ್ನಷ್ಟೇ ನಂಬಿದ್ದು. ನೆಗೆಯುವ ಇರುವೆ ಹಾರ್ಪೆಗ್ನಾಥಸ್ ಸಾಲ್ಟೇಟರ್ ಜೀವಂತ ಹುಳುಗಳನ್ನು ಬೇಟೆಯಾಡುತ್ತದೆ. ಅಂಥವು ಬೆಲ್ಲಕ್ಕೆ ಮುತ್ತುವುದಿಲ್ಲ.

ಮುಂದಿನ ಪಾಠವನ್ನು ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿದೆ. ಎರಡೂ ಕಡೆ ಅದೇ ಹೊತ್ತು, ಅಷ್ಟೇ ನಿಮಿಷ, ಅಷ್ಟೇ ಚೂರು ಬೆಲ್ಲ ಮತ್ತು ಕೊಬ್ಬರಿ. ಜೊತೆಗೆ ಹತ್ತು ನಿಮಿಷ ತರಗೆಲೆ ಸರಿಸಿ ಹುಡುಕಾಟ. ಇರುವೆ ಕೊಲ್ಲದೆ, ಗಾತ್ರ, ಬಣ್ಣ, ನಡಿಗೆ ನೋಡಿ ಬಗೆ ಬಿಡಿಸಿದರು. ಗುಡ್ಡದ ತರಗೆಲೆಯಡಿ ಬದುವಿನಲ್ಲಿ ಕಾಣದ ಬಗೆಗಳು ಸಿಕ್ಕವು. ಬದುವಿನ ಕೆಲವು ಗುಡ್ಡದಲ್ಲಿರಲಿಲ್ಲ. ಆದ್ದರಿಂದ ಎಷ್ಟು ಬಗೆ ಎಂಬುದರ ಜೊತೆಗೆ ಯಾವ ಬಗೆ ಎಂಬುದನ್ನೂ ಬರೆಸಬೇಕು.

ಈ ಚಟುವಟಿಕೆಗೆ ಪಾಂಡವಪುರದವರಿಗೆ ಮೇಲುಕೋಟೆ, ಕೆ.ಆರ್. ಪೇಟೆಯವರಿಗೆ ನಾರಾಯಣದುರ್ಗ, ನಾಗಮಂಗಲದವರಿಗೆ ಆದಿಚುಂಚನಗಿರಿಯ ಸುತ್ತಲ ಕುರುಚಲು ಸಾಕು. 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿ ಧಾಮದ ಒಳಗೆ, 1981ರ ಆದಿಚುಂಚನಗಿರಿ ನವಿಲುಧಾಮದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಈಗ ನನ್ನ ಪಾಠಯೋಜನೆಯಲ್ಲಿ ತೀರ್ಮಾನದ ಕಾಲಂ ಖಾಲಿ ಇರುತ್ತದೆ. ಎಣಿಕೆ ಮುಗಿದ ಮೇಲೆ ಮಕ್ಕಳೇ ಅದನ್ನು ತುಂಬುತ್ತಾರೆ.