ಬಸುರು ಬೇಕಿತ್ತೋ, ಬೇಡವಾಗಿತ್ತೋ? ಅತ್ತೆ ಎದುರಿಗೆ ಹೇಳೋದು ಹ್ಯಾಗೆ!

"ಮಕ್ಕಳೆಷ್ಟು?" ಎಂದು ಕೆಂಗೇರಿ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. "ಬೇಕೂಂತ ಆದದ್ದೋ, ತಾನಾಗಿ ಆದದ್ದೋ?" ಎಂದು ಕಟ್ಟಿಕೊಂಡ ಗಂಡನೂ ಕೇಳುವುದಿಲ್ಲ. ಕೇಳುವವರು ಸರ್ವೆಯವರು ಮಾತ್ರ.

ಬೆಂಗಳೂರಿಗೆ ಇದು ಹೊಸದಲ್ಲ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದವರು ನಗರದಲ್ಲೂ ಹಳ್ಳಿಗಳಲ್ಲೂ ಬಾಗಿಲು ತಟ್ಟಿ, ಇನ್ನೂ ಮಕ್ಕಳು ಬೇಕೇ ಎಂದು ವಿಚಾರಿಸಿದ್ದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪಟ್ಟಿಯಲ್ಲಿ ಉತ್ತರ ಮೂರೇ: ಆಗಲೇ ಬೇಕಿತ್ತು, ಸ್ವಲ್ಪ ತಡೆದು ಬೇಕಿತ್ತು, ಬೇಡವೇ ಆಗಿತ್ತು.

"ದೇವರು ಕೊಟ್ಟ, ಆಯ್ತು" ಅನ್ನೋ ಹೆಂಗಸನ್ನು ಇದರಲ್ಲಿ ಯಾವ ಕಾಲಂಗೆ ಹಾಕೋದು?

ಈ ತೊಡಕು ಬಿಡಿಸಲು ಬ್ರಿಟನ್ನಿನ ಜೆರಾಲ್ಡೀನ್ ಬ್ಯಾರೆಟ್ ಮತ್ತು ಸಂಗಡಿಗರು 2004ರಲ್ಲಿ ಬೇರೆ ಅಳತೆಗೋಲು ಪ್ರಕಟಿಸಿದರು. ಆರು ಪ್ರಶ್ನೆ, ಒಟ್ಟು 12 ಅಂಕ. ಆ ತಿಂಗಳು ತಡೆ ಬಳಸಿದ್ದಿರಾ? ಕಾಲ ಸರಿಯಿತ್ತೆ? ಆಗಲಿ ಅಂತಿದ್ದಿರಾ? ಮಗು ಬೇಕೆನಿಸಿತ್ತೆ? ಗಂಡನೊಡನೆ ಮಾತಾಡಿದ್ದಿರಾ? ಮೊದಲೇ ಆರೋಗ್ಯಕ್ಕೆ ಏನಾದರೂ ಮಾಡಿಕೊಂಡಿರಾ? 10ರಿಂದ ಮೇಲಾದರೆ ಯೋಜಿತ, 3ರಿಂದ ಕೆಳಗಾದರೆ ಅಲ್ಲ. ನಡುವಿನ 4ರಿಂದ 9, ಬೇಕೂ ಬೇಡವೂ ಎರಡೂ ಇರುವ ಜಾಗ. ನಮ್ಮ ಎಷ್ಟೋ ಸಂಸಾರ ಇರೋದೇ ಅಲ್ಲಿ, ಅಲ್ಲವೇ?

ಇದನ್ನು ಕನ್ನಡ, ತಮಿಳಿಗೆ ತಂದು ಬೆಂಗಳೂರಿನ ಬಡ ಬಡಾವಣೆಗಳ ಎಳೆಯ ವಯಸ್ಸಿನ ಗೃಹಿಣಿಯರಲ್ಲಿ ಕೇಳಿ ನೋಡಿದರು. ವರದಿ 2010ರಲ್ಲಿ ಬಂತು. ಲಂಡನ್ ಕೋಲಿನಲ್ಲಿ ಬೆಂಗಳೂರು ಬಟ್ಟೆ ಅಳೆಯುವಾಗ ಎಳೆದು ಹಿಡಿಯಬೇಕಾಗುತ್ತೆ. ಆರನೇ ಪ್ರಶ್ನೆಯನ್ನೇ ನೋಡಿ. ಅಲ್ಲಿ ಬಸುರಾಗುವ ಮುಂಚೆಯೇ ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳಿ ಅಂತ ಡಾಕ್ಟರು ಹೇಳುತ್ತಾರೆ. ನಮ್ಮ ಹೆಚ್ಚಿನವರ ಕೈಗೆ ಮಾತ್ರೆ ಬರೋದು ಬಸುರಿ ಎಂದು ಹೆಸರು ಬರೆಸಿದ ಮೇಲೆ.

ಅದಕ್ಕಿಂತ ದೊಡ್ಡ ತೊಡಕು ಮನೆಯದು. ಕಾಮಾಕ್ಷಿಪಾಳ್ಯದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರೆ, "ಬೇಡವಾಗಿತ್ತು" ಎನ್ನಲು ಯಾವ ಸೊಸೆಗೆ ಬಾಯಿ ಬರುತ್ತೆ? ಕಂಕುಳ ಕೂಸಿಗೆ ಇನ್ನೂ ವರ್ಷ ತುಂಬಿಲ್ಲ, ಗಂಡನ ಸಂಬಳ ಅಂಗಡಿ ಸಾಲಕ್ಕೇ ಸರಿ. ಆದರೂ "ಬೇಕೂಂತಾನೇ ರೀ" ಎನ್ನುತ್ತಾಳೆ. ಪಟ್ಟಿಯಲ್ಲಿ ಗೆರೆ ಬಿತ್ತು. ಯಾರ್‍ಯಾರಿಗೆ ಮಾತ್ರೆ, ಕಾಪರ್-ಟಿ ಸಲಹೆ ತಲುಪಿಲ್ಲ ಎಂದು ಲೆಕ್ಕ ಹಾಕುವಾಗ ಇಂಥ ಗೆರೆಗಳನ್ನೇ ಕೂಡುತ್ತಾರೆ. ಆ ಲೆಕ್ಕದಲ್ಲಿ ಈ ಸೊಸೆ ಇರುವುದೇ ಇಲ್ಲ.