ಹೊಸ ಗಣಕ, ಹಳೆಯ ಗಂಟು

ಮನೆ ಬದಲಾಯಿಸುವುದು ಸುಲಭ. ಸಾಮಾನು ಒಂದೂ ಒಡೆಯದಂತೆ ಸಾಗಿಸುವುದು ಕಷ್ಟ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ಲಗ್ನಪತ್ರಿಕೆಯ ಅಂಗಡಿಗಳ ಸುಲ್ತಾನ್‌ಪೇಟೆಯಲ್ಲಿರುವ ನಮ್ಮ ಮನೆಗೂ ವಿಂಡೋಸ್ 11 ಪ್ರವೇಶಿಸಿತು. ಅದು ಬೇಡುವ ಟಿ.ಪಿ.ಎಂ. 2.0 ಎಂಬ ರಕ್ಷಣಾ ಸಾಧನ ಹಳೆಯ ಯಂತ್ರದಲ್ಲಿರಲಿಲ್ಲ. ಆದುದರಿಂದ ಯಂತ್ರವನ್ನೇ ಹೊಸದಾಗಿ ಕೊಂಡದ್ದಾಯಿತು.

ಮೊದಲ ನೋಟಕ್ಕೆ ಎಲ್ಲವೂ ಚೆಲುವು. ಎಡಮೂಲೆಯಲ್ಲಿದ್ದ 'ಸ್ಟಾರ್ಟ್' ಗುಂಡಿ ನಡುವಿಗೆ ಬಂದಿದೆ. ಕೈ ಮಾತ್ರ ಇನ್ನೂ ಹಳೆಯ ಮೂಲೆಗೇ ಓಡುತ್ತದೆ. 'ನಿರ್ಮಲಾ' ಅಕ್ಷರಶೈಲಿ ಜೊತೆಯಲ್ಲೇ ಬರುವುದರಿಂದ ಕನ್ನಡವೂ ನಿರಾಯಾಸವಾಗಿ ಮೂಡುತ್ತದೆ.

ಆದರೆ ದಿವಂಗತ ತಂದೆಯವರು ಬೆರಳಚ್ಚು ಮಾಡಿಟ್ಟಿದ್ದ ನೆನಪುಗಳ ಕಡತವನ್ನು ತೆರೆದಾಗ ಎದೆ ಧಸಕ್ಕೆಂದಿತು. ಕನ್ನಡದ ಒಂದಕ್ಷರವೂ ಇಲ್ಲ. ಬರೀ ರೋಮನ್ ಚಿಹ್ನೆಗಳ ಸಂತೆ! "ಎಲ್ಲಾ ಹೋಯಿತೇನಪ್ಪಾ?" ಎಂದರು ತಾಯಿ.

ಹೋಗಿರಲಿಲ್ಲ. ಹಿಂದಿನ ಪದ್ಧತಿಯಲ್ಲಿ ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪವನ್ನು ತೊಡಿಸುತ್ತಿದ್ದರು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಯೂನಿಕೋಡಿನಲ್ಲಾದರೋ ಕನ್ನಡದ ಅಕ್ಷರಗಳಿಗೆ ತಮ್ಮವೇ ಸಂಖ್ಯೆಗಳಿವೆ, 'ಕ'ಕಾರಕ್ಕೆ 3221. ಯಾವ ಯಂತ್ರಕ್ಕೆ ಹೋದರೂ ಅದು 'ಕ'ಕಾರವೇ.

ಪರಿವರ್ತಕ ತಂತ್ರಾಂಶವೊಂದು ಆ ಕಡತವನ್ನು ಯೂನಿಕೋಡಿಗೆ ತಂದಿತು. ಕೆಲವು ಅರ್ಕಾವತ್ತುಗಳು, ಒತ್ತಕ್ಷರಗಳು ಮಾತ್ರ ಸ್ಥಾನ ತಪ್ಪಿದ್ದವು. ಅವನ್ನು ತಿದ್ದಲು ಪ್ರತಿ ಸಾಲನ್ನೂ ಓದಬೇಕಾಯಿತು. ಇಷ್ಟು ವರ್ಷ ಕಾಪಾಡಿದ್ದೆನೇ ಹೊರತು ನಾನು ಅದನ್ನು ಓದಿರಲಿಲ್ಲ! ಈಗ ದಿನವೂ ರಾತ್ರಿ ಒಂದೊಂದು ಪುಟ ಓದುತ್ತೇನೆ, ತಾಯಿ ಕೇಳುತ್ತಾರೆ.

ವಾಚಕರು ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕಡತಗಳನ್ನೊಮ್ಮೆ ತೆರೆದು ನೋಡುವುದು ಲೇಸು.