ಉಕ್ಕಿ ಹರಿಯುವ ರಸ: ಬರ್ಟನ್ನಿನ ಪೀಪಾಯಿಗಳೂ ಮನೆಯ ಬೀರೂ

ದೋಸೆಯ ಹಿಟ್ಟನ್ನು ಪಾತ್ರೆಯ ಕಂಠದವರೆಗೆ ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಉಕ್ಕಿ ನೆಲಕ್ಕಿಳಿದಿರುತ್ತದೆಂಬುದು ಗೃಹಿಣಿಯರೆಲ್ಲರೂ ಬಲ್ಲ ಸಂಗತಿ. ಬೀರು ತಯಾರಿಸುವವರನ್ನು ಶತಮಾನಗಳಿಂದ ಕಾಡಿದ ಸಮಸ್ಯೆಯೂ ಮೂಲತಃ ಇದೇ. ಇಂಗ್ಲೆಂಡಿನಲ್ಲಿ ಅದಕ್ಕೊಂದು ಹೆಚ್ಚಿನ ತೊಡಕೂ ಇದ್ದಿತು. 1880 ರಿಂದ 1993 ರವರೆಗೆ ಅಲ್ಲಿ ಸುಂಕವನ್ನು ಸಿದ್ಧವಾದ ಬೀರಿನ ಮೇಲಲ್ಲದೆ, ಹುದುಗುವ ಮೊದಲಿನ ಮಾಲ್ಟ್ ರಸದ, ಅಂದರೆ ವರ್ಟಿನ, ಮೇಲೆ ವಿಧಿಸುತ್ತಿದ್ದರು. ನಷ್ಟಕ್ಕೆಂದು ಬಿಡುತ್ತಿದ್ದ ರಿಯಾಯಿತಿಯನ್ನು ಮೀರಿ ಚೆಲ್ಲಿಹೋದ ರಸಕ್ಕೂ ಸುಂಕ ತೆತ್ತಂತೆಯೇ ಆಗುತ್ತಿತ್ತು.

ರಸವು ಉಕ್ಕುವುದೇಕೆ? ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ತೂಕದಲ್ಲಿ ಹೆಚ್ಚುಕಡಮೆ ಸಮಪಾಲಾಗಿ ಹೊರಗೆಡಹುತ್ತದೆ. ಸಾಧಾರಣ ಬಲದ 20 ಲೀಟರು ರಸ ಹುದುಗಿ ಮುಗಿಯುವಷ್ಟರಲ್ಲಿ ಹೊರಡುವ ವಾಯು ಸುಮಾರು 400 ಲೀಟರು. ಗುಳ್ಳೆಗಳು ಮೇಲೇರಿ ಒಡೆದುಹೋದರೆ ತೊಂದರೆಯಿಲ್ಲ. ಆದರೆ ಬಾರ್ಲಿಯ ಸಸಾರಜನಕ ಪದಾರ್ಥಗಳೂ ಹಾಪ್ಸ್ ಹೂವಿನ ಕಹಿಯಂಶವೂ ಸೇರಿ ಗುಳ್ಳೆಯ ಪೊರೆಯನ್ನು ಗಟ್ಟಿಗೊಳಿಸುತ್ತವೆ. ಬೀರಿನ ಲೋಟದಲ್ಲಿ ಮೆಚ್ಚುಗೆಗೆ ಪಾತ್ರವಾಗುವ ನೊರೆಯೇ ಪಾತ್ರೆಯಲ್ಲಿ ಶತ್ರುವಾಗುತ್ತದೆ. ಏಲ್ ಜಾತಿಯ ಯೀಸ್ಟು ಗುಳ್ಳೆಗಳಿಗಂಟಿಕೊಂಡು ಮೇಲಕ್ಕೇರುವುದರಿಂದ ಅದರಲ್ಲಿ ಈ ಉಪದ್ರವ ಹೆಚ್ಚು. ತಣ್ಣಗೆ ನಿಧಾನವಾಗಿ ಹುದುಗುವ ಲಾಗರಿನಲ್ಲಿ ಕಡಮೆ.

ಇದಕ್ಕೆ ಅತ್ಯಂತ ಜಾಣ ಪರಿಹಾರ ದೊರೆತದ್ದು ಟ್ರೆಂಟ್ ನದಿಯ ದಡದ ಬರ್ಟನ್ ಪಟ್ಟಣದಲ್ಲಿ. 19ನೆಯ ಶತಮಾನದಲ್ಲಿ ಕಲ್ಕತ್ತ, ಮದರಾಸು, ಮುಂಬಯಿ ಬಂದರುಗಳಿಗೆ ಹಡಗೇರಿ ಬರುತ್ತಿದ್ದ ಪೇಲ್ ಏಲಿನ ಬಹುಭಾಗ ಈ ಊರಿನದು. ಮೊದಮೊದಲು ಪೀಪಾಯಿಯ ಬಾಯಿಂದ ಉಕ್ಕಿದ ನೊರೆಯನ್ನು ಕೆಳಗಿನ ತೊಟ್ಟಿಯಲ್ಲಿ ಹಿಡಿದು, ಆಳುಗಳು ಆಗಾಗ್ಗೆ ಬಂದು ಪೀಪಾಯಿಗಳನ್ನು ಕೈಯಿಂದಲೇ ಮತ್ತೆ ತುಂಬಬೇಕಾಗಿತ್ತು. 1838 ರಲ್ಲಿ ಪೀಟರ್ ವಾಕರ್ ಎಂಬವರು ಪೇಟೆಂಟ್ ಪಡೆದ ಏರ್ಪಾಡು ಈ ದುಡಿಮೆಯನ್ನು ತಪ್ಪಿಸಿತು. ಸುಮಾರು 150 ಗ್ಯಾಲನ್ ಹಿಡಿಯುವ ಓಕ್ ಪೀಪಾಯಿಗಳನ್ನು ಸಾಲಾಗಿ ಮಲಗಿಸಿ, ಪ್ರತಿಯೊಂದರಿಂದಲೂ ಹಂಸದ ಕೊರಳಿನಂತೆ ಬಾಗಿದ ಕೊಳವೆಯೊಂದನ್ನು ಮೇಲಣ ಉದ್ದನೆಯ ದೋಣಿಗೆ ಹಾಯಿಸುತ್ತಿದ್ದರು. ದೋಣಿ ತುಸು ಓರೆ. ಉಕ್ಕಿಬಂದ ನೊರೆ ಅದರಲ್ಲಿ ಇಳಿದು, ಯೀಸ್ಟು ತಳದಲ್ಲಿ ನಿಂತು, ಬೀರು ಮಾತ್ರ ಬೇರೆ ಕೊಳವೆಗಳ ಮೂಲಕ ಪೀಪಾಯಿಗೆ ಮರಳುತ್ತಿತ್ತು. ನಷ್ಟವೂ ತಪ್ಪಿತು; ಬೀರು ತಿಳಿಯಾಯಿತು; ಮುಂದಿನ ಬಾರಿಗೆ ಬೇಕಾದ ಹೊಸ ಯೀಸ್ಟೂ ಕೈಗೆ ಬಂತು. ಪೀಪಾಯಿಗಳೆಲ್ಲ ಕೊಳವೆಗಳಿಂದ ಒಂದಾಗಿದ್ದುದರಿಂದ ಇದಕ್ಕೆ ‘ಯೂನಿಯನ್’ ಎಂಬ ಹೆಸರು.

ಯುಕ್ತಿ ಸುಂದರವಾದುದೇ, ಆದರೆ ಮರದ ಪೀಪಾಯಿಗಳನ್ನು ತೊಳೆದು ಸುಸ್ಥಿತಿಯಲ್ಲಿಡುವುದಕ್ಕೆ ತಗಲುವ ಶ್ರಮ, ಹಣಗಳು ಅಪಾರ. ಉಕ್ಕಿನ ಕೊಳಗಗಳು ಬಂದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇದನ್ನು ಕೈಬಿಟ್ಟರು. ಬರ್ಟನ್ನಿನಲ್ಲಿ ಕಡೆಯವರೆಗೆ ಇದನ್ನುಳಿಸಿಕೊಂಡಿದ್ದ ಮಾರ್‌ಸ್ಟನ್ಸ್ ಕಾರ್ಖಾನೆಯಲ್ಲಿಯೂ 2024 ರಲ್ಲಿ ಯೂನಿಯನ್ ನಿಂತಿತು. ಅದರ ಒಂದು ಸಾಲು ಮಾತ್ರ ಅದೇ ವರ್ಷ ಡಾರ್ಬಿಷೈರಿನ ಥಾರ್ನ್‌ಬ್ರಿಜ್ ಕಾರ್ಖಾನೆಯನ್ನು ಸೇರಿ ಉಳಿದುಕೊಂಡಿತು.

ಮನೆಯಲ್ಲಿ ಬೀರು ತಯಾರಿಸಲು ಇಂಗ್ಲೆಂಡಿನಲ್ಲಿ 1963 ರವರೆಗೆ ಪರವಾನೆ ಬೇಕಾಗಿತ್ತು. ಆ ಕಟ್ಟು ಸಡಿಲಿದ ತರುವಾಯ ಬೆಳೆದ ಗೃಹೋದ್ಯಮಿಗಳಿಗೆ ಯೂನಿಯನ್ನಿನಂಥ ವೈಭವ ಎಟುಕದು. ಅವರ ಮೊದಲ ಉಪಾಯ ಪಾತ್ರೆಯಲ್ಲಿ ಜಾಗ ಬಿಡುವುದು: 20 ಲೀಟರು ರಸಕ್ಕೆ 25 ಲೀಟರಿಗೆ ಕಡಮೆಯಿಲ್ಲದ ಪಾತ್ರೆ. ಎರಡನೆಯದು ಶಾಖದ ಹತೋಟಿ. ಏಲನ್ನು 18 ರಿಂದ 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಟ್ಟರೆ ಯೀಸ್ಟಿನ ಆರ್ಭಟ ತಗ್ಗುತ್ತದೆ. ಇವೆರಡರಿಂದಲೂ ನೊರೆ ನಿಲ್ಲದಿದ್ದರೆ ಮುಚ್ಚಳದಿಂದ ಅಗಲವಾದ ಕೊಳವೆಯೊಂದನ್ನು ನೀರು ತುಂಬಿದ ಜಾಡಿಗೆ ಇಳಿಬಿಡುತ್ತಾರೆ. ಕೊಳವೆ ಅಗಲವಾಗಿರಲೇಬೇಕು. ಕಿರಿದಾದ ವಾಯುದ್ವಾರದಲ್ಲಿ ಹಾಪ್ಸ್ ಎಸಳು ಸಿಕ್ಕಿಕೊಂಡರೆ ವಾಯುವಿನ ಒತ್ತಡ ಏರಿ ಮುಚ್ಚಳ ಹಾರಿಹೋದೀತು, ಗಾಜಿನ ಪಾತ್ರೆಯಾದರೆ ಸಿಡಿದೀತು. ಬರಿಯ ರಸನಷ್ಟಕ್ಕಿಂತ ಇದು ಘೋರ.

ಜಾಡಿಗೆ ಹರಿದದ್ದನ್ನು ಮರಳಿ ಸುರಿಯುವಂತಿಲ್ಲ. ಅದು ನೀರಿನೊಡನೆ ಬೆರೆತಿರುತ್ತದೆ, ಗಾಳಿಯಲ್ಲಿನ ಆಮ್ಲಜನಕವೂ ಪರಕೀಯ ಜೀವಾಣುಗಳೂ ಅದರೊಡನೆ ಒಳಸೇರುತ್ತವೆ. ಹೋದಷ್ಟನ್ನು ನೀರಿನಿಂದ ತುಂಬಿಸುವುದೂ ತರವಲ್ಲ. ಹಾಗೆ ಹೋದದ್ದೆಲ್ಲವೂ ನಷ್ಟವೆಂದೂ ಅಲ್ಲ. ನೊರೆಯ ಮೇಲಿನ ಕಂದು ಜಿಗುಟು ಬಲು ಕಹಿ, ಅದು ತೊಲಗಿದರೇ ಒಳ್ಳೆಯದೆನ್ನುವವರುಂಟು. ನೊರೆಯನ್ನೇ ಅಡಗಿಸುವ ಸಿಲಿಕೋನ್ ಹನಿಗಳೂ ದೊರೆಯುತ್ತವೆ.

ಇಷ್ಟೆಲ್ಲ ಮೇಲಣ ಬಾಯಿಯ ಮಾತಾಯಿತು. ನೊರೆಯನ್ನು ಕಾಯುತ್ತ ಕುಳಿತವರು ತಳವನ್ನು ಮರೆಯುವುದುಂಟು: ಅಲ್ಲಿ ಕೂಡುವ ಚರಟದಲ್ಲಿಯೂ ಲೀಟರುಗಟ್ಟಲೆ ಬೀರು ಸಿಕ್ಕಿಕೊಂಡಿರುತ್ತದೆ. ಹುದುಗು ಮುಗಿದ ಮೇಲೆ ಪಾತ್ರೆಯನ್ನು ಕೆಲವು ದಿನ ತಣ್ಣಗಿಟ್ಟರೆ ಚರಟವು ಗಟ್ಟಿಯಾಗಿ ಕೆಳಗೆ ಕೂಡುತ್ತದೆ. ಆಗ ಅದನ್ನು ಕದಡದೆ ಹೆಚ್ಚು ಬೀರನ್ನು ಬಸಿದುಕೊಳ್ಳಬಹುದು.